ಮಿಸ್ಡ್ ಕಾಲ್ ನಿರ್ವಹಣೆ: ವಾಯ್ಸ್‌ಮೇಲಿನ ಪರ್ಯಾಯಗಳು

ಮೊಬೈಲ್ ಫೋನಿಗೆ ಬಂದ ಕರೆಯು, ಎತ್ತುವವರಿಲ್ಲದೆಯೋ, ಫೋನು ಸಂಪರ್ಕಕ್ಷೇತ್ರದ ಹೊರಗಿದ್ದುದರಿಂದಲೋ, ಅದರ ಒಡೆಯನು ಮತ್ತೊಂದು ಸಂಭಾಷಣೆಯಲ್ಲಿ ತೊಡಗಿದ್ದುದರಿಂದಲೋ ಕೈತಪ್ಪಿಹೋದರೆ ಅದರ ಗತಿಯೇನು ಎಂಬ ಪ್ರಶ್ನೆಗೆ ದೂರವಾಣಿ ಸಂಸ್ಥೆಗಳು ಕೊಟ್ಟ ಉತ್ತರವೇ ವಾಯ್ಸ್‌ಮೇಲ್. ಎಂದರೆ, ಕರೆದವನ ಮಾತನ್ನು ಸಂಸ್ಥೆಯ ಯಂತ್ರದಲ್ಲಿ ಮುದ್ರಿಸಿಟ್ಟು, ಮತ್ತೊಬ್ಬನು ಬಿಡುವಾದಾಗ ಕೇಳಿಸಿಕೊಳ್ಳುವಂತೆ ಮಾಡುವ ಏರ್ಪಾಡು. ಈ ಏರ್ಪಾಡು ಒಗ್ಗದ, ಅಥವಾ ಅದರ ವೆಚ್ಚವನ್ನು ಭರಿಸಲೊಲ್ಲದ ಜನರು ಕಂಡುಕೊಂಡ ಬೇರೆ ಮಾರ್ಗಗಳ ಚರಿತ್ರೆ ಇಲ್ಲಿಯ ವಿಷಯ. ಅದನ್ನು ಯಂತ್ರಗಳ ಸುಧಾರಣೆಯ ವೃತ್ತಾಂತವೆಂದು ಮಾತ್ರ ಬಗೆದರೆ ಅರ್ಧವೇ ತಿಳಿದಂತೆ. ಕರೆಯ ಹಣವನ್ನು ಯಾರು ತೆರಬೇಕೆಂಬ ಲೆಕ್ಕವು ಅದರ ಪ್ರತಿಯೊಂದು ತಿರುವಿನಲ್ಲಿಯೂ ಕೆಲಸಮಾಡಿದೆ.

ಮಾತನ್ನು ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ಮುದ್ರಿಸಬಹುದೆಂದು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿಯೇ ತೋರಿಸಿದ್ದನು. ಆತನ ಟೆಲಿಗ್ರಾಫೋನ್ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜನರ ಕುತೂಹಲವನ್ನು ಸೆಳೆಯಿತು. ಆದರೆ ಮುದ್ರಿತವಾದ ಮಾತುಗಳನ್ನು ಒಂದು ಕೇಂದ್ರಯಂತ್ರದಲ್ಲಿ ಕೂಡಿಟ್ಟು ಹಲವರಿಗೆ ಹಂಚುವ ವಿಧಾನಕ್ಕೆ ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್ ಪೇಟೆಂಟ್ ಪಡೆದದ್ದು 1983ರಲ್ಲಿ. ನಡುವಣ ದೀರ್ಘಕಾಲದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಮನುಷ್ಯರೇ ಮಾಡಿದರು. ನಮ್ಮ ನಾಡಿನಲ್ಲಂತೂ ಫೋನು ಊರಿಗೊಂದು, ಬೀದಿಗೊಂದು ಇದ್ದ ದಿನಗಳಲ್ಲಿ, ವಿಳಾಸದ ಕೆಳಗೆ ನೆರೆಮನೆಯ ಸಂಖ್ಯೆಯನ್ನು ಬರೆದು ಮುಂದೆ ‘ಪಿ.ಪಿ.’ ಎಂದು ಸೇರಿಸುವ ವಾಡಿಕೆ ಇದ್ದಿತು. ಕರೆ ಬಂದೊಡನೆ ಆ ಮನೆಯ ಹುಡುಗನೊಬ್ಬನು ಬೇಲಿಯಾಚೆಯಿಂದ ‘ಅಜ್ಜೀ, ನಿಮಗೆ ಫೋನು’ ಎಂದು ಕೂಗುವನು. ಅಜ್ಜಿ ಮನೆಯಲ್ಲಿಲ್ಲದಿದ್ದರೆ ಸುದ್ದಿಯನ್ನು ನೆನಪಿಟ್ಟುಕೊಂಡು ಸಂಜೆ ತಲುಪಿಸುವನು. ಕರೆ ತಪ್ಪಿದರೂ ಸುದ್ದಿ ತಪ್ಪಬಾರದೆಂಬ ಕಾಳಜಿಯನ್ನು ಇಷ್ಟು ನೆಚ್ಚಿಕೆಯಿಂದ ನಡೆಸಿಕೊಟ್ಟ ಯಂತ್ರ ಮುಂದೆ ಬಂದಿತೆಂದು ಹೇಳುವುದು ಕಷ್ಟ.

ಜಿಎಸ್‌ಎಂ ಪದ್ಧತಿಯ ಮೊಬೈಲ್ ಜಾಲಗಳಲ್ಲಿ ವಾಯ್ಸ್‌ಮೇಲ್ ನಿಂತಿರುವುದು ಕರೆ ವರ್ಗಾವಣೆಯೆಂಬ ಸೌಲಭ್ಯದ ಮೇಲೆ. ಫೋನು ಕಾರ್ಯನಿರತವಾಗಿದ್ದರೆ 67, ಎತ್ತದಿದ್ದರೆ 61, ಸಿಗದಿದ್ದರೆ 62 ಎಂಬ ಸಂಕೇತಾಂಕಗಳಿಂದ ಆ ಕರೆಯನ್ನು ಬೇರೊಂದು ಸಂಖ್ಯೆಗೆ ತಿರುಗಿಸಬಹುದು. ಎಷ್ಟು ಹೊತ್ತು ರಿಂಗಾದ ಮೇಲೆ ತಿರುಗಬೇಕೆಂಬುದನ್ನು 5ರಿಂದ 30 ಸೆಕೆಂಡುಗಳವರೆಗೆ ಐದೈದರಂತೆ ಗೊತ್ತುಮಾಡಬಹುದು. ##004# ಒತ್ತಿದರೆ ಈ ಷರತ್ತಿನ ವರ್ಗಾವಣೆಗಳೆಲ್ಲ ಒಮ್ಮೆಗೇ ರದ್ದಾಗುವುವು. ಸಂಸ್ಥೆಯು ಇಲ್ಲಿ ತನ್ನ ವಾಯ್ಸ್‌ಮೇಲ್ ಪೆಟ್ಟಿಗೆಯ ಸಂಖ್ಯೆಯನ್ನು ಇಟ್ಟಿರುವುದಷ್ಟೆ. ಆ ಜಾಗದಲ್ಲಿ ಮಡದಿಯ ಫೋನನ್ನೋ, ಅಂಗಡಿಯ ಫೋನನ್ನೋ, ಮೂರನೆಯವರ ಸೇವೆಯನ್ನೋ ಇಡಲು ಬಳಕೆದಾರನಿಗೆ ತಡೆಯಿಲ್ಲವಾದುದರಿಂದ, ಪರ್ಯಾಯಗಳಲ್ಲಿ ಹಲವು ಹುಟ್ಟಿಕೊಂಡದ್ದು ಇದೇ ಬಾಗಿಲಿನಲ್ಲಿ. ಇದೇ ಬಾಗಿಲಿನಿಂದ ವಂಚಕರೂ ಒಳಹೊಕ್ಕರೆಂಬುದು ಖೇದದ ಸಂಗತಿ: ಅಮಾಯಕರಿಂದ ಸಂಕೇತವನ್ನು ಒತ್ತಿಸಿ, ಅವರ ಕರೆಗಳನ್ನೂ ಬ್ಯಾಂಕಿನ ಗುಪ್ತಸಂಖ್ಯೆಗಳನ್ನೂ ತಮ್ಮ ಕಡೆಗೆ ತಿರುಗಿಸಿಕೊಳ್ಳುವ ಹಾವಳಿ ಹೆಚ್ಚಿದುದರಿಂದ, ಭಾರತದ ದೂರಸಂಪರ್ಕ ಇಲಾಖೆಯು *401# ಮೊದಲಾದ ಯುಎಸ್‌ಎಸ್‌ಡಿ ಸಂಕೇತಗಳ ಮೂಲಕ ನಡೆಯುವ ವರ್ಗಾವಣೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ಸಂಸ್ಥೆಗಳಿಗೆ ಆದೇಶಿಸಿತು.

ಭಾರತದಲ್ಲಿ ಮೊಬೈಲಿನ ಮೊದಲ ಕರೆ 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ಹೋಯಿತು. ಅಂದಿನಿಂದ 2003ರ ಮೇ ತಿಂಗಳವರೆಗೆ ಒಳಬರುವ ಕರೆಗೂ ಹಣ ತೆರಬೇಕಾಗಿದ್ದಿತು. ಹೊರಹೋಗುವ ಕರೆಯ ದರವಂತೂ ಸಾಮಾನ್ಯ ಸಂಸಾರಕ್ಕೆ ಎಟಕುವಂತಿರಲಿಲ್ಲ. ಆದರೆ ಎತ್ತದ ಕರೆಗೆ ಶುಲ್ಕವಿಲ್ಲ, ಆದರೂ ಕರೆದವರ ಸಂಖ್ಯೆ ತೆರೆಯ ಮೇಲೆ ಉಳಿಯುತ್ತದೆ ಎಂಬ ಸಣ್ಣ ಸಂಗತಿಯೊಂದನ್ನು ಜನರು ಬಹುಬೇಗನೆ ಮನಗಂಡರು. ಹಾಸನದಿಂದ ಹೊರಟ ಮಗನು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಮನೆಗೆ ಒಂದು ರಿಂಗ್ ಕೊಟ್ಟು ಕತ್ತರಿಸುವನು. ತಾಯಿಯು ಫೋನನ್ನು ಎತ್ತದೆ, ಹೆಸರನ್ನು ನೋಡಿ, ಮಗನು ಸುಖವಾಗಿ ತಲುಪಿದನೆಂದು ತಿಳಿಯುವಳು. ಒಂದು ರಿಂಗಿಗೆ ‘ತಲುಪಿದೆ’, ಎರಡಕ್ಕೆ ‘ನೀನೇ ಮಾಡು’ ಎಂದು ಮನೆಮನೆಯೂ ತನ್ನ ಒಪ್ಪಂದವನ್ನು ಮಾಡಿಕೊಂಡಿತು. ವಾಯ್ಸ್‌ಮೇಲ್ ಇಲ್ಲಿ ಬೇರೂರದೆ ಹೋದುದಕ್ಕೆ ಪ್ರಬಲ ಕಾರಣವನ್ನು ನಾವು ಇಲ್ಲಿಯೇ ಕಾಣಬೇಕು: ಯಂತ್ರವು ಕರೆಯನ್ನು ಎತ್ತಿಕೊಂಡ ಕ್ಷಣದಿಂದ ಅದು ಸ್ವೀಕೃತವಾದ ಕರೆಯೆನಿಸಿ, ಕರೆದವನ ಲೆಕ್ಕದಲ್ಲಿ ಹಣ ಇಳಿಯತೊಡಗುವುದು. ಬಿಟ್ಟಿಯಾಗಿ ದೊರೆಯುತ್ತಿದ್ದ ಸಂದೇಶಕ್ಕೆ ಬೆಲೆ ಕಟ್ಟುವ ಸೌಲಭ್ಯವನ್ನು ಯಾರು ತಾನೇ ಬಯಸಿಯಾರು?

ಸಂಸ್ಥೆಗಳು ಇದನ್ನರಿತು ತಂದ ಸೇವೆಯೇ ಮಿಸ್ಡ್ ಕಾಲ್ ಅಲರ್ಟ್. ಫೋನು ಸ್ವಿಚ್ ಆಫ್ ಆಗಿರುವಾಗ ಬಂದ ಕರೆಗಳ ಸಂಖ್ಯೆಯನ್ನೂ ವೇಳೆಯನ್ನೂ ಜಾಲವು ಗುರುತಿಟ್ಟುಕೊಂಡು, ಫೋನು ಜೀವತಳೆದೊಡನೆ ಎಸ್‌ಎಂಎಸ್ ಮೂಲಕ ಅರುಹುವುದು. ಮಾತು ಇಲ್ಲ, ಮುದ್ರಣವಿಲ್ಲ. ಯಾರು ಕರೆದರೆಂಬ ಸಾಕ್ಷ್ಯವೊಂದೇ. ನಮ್ಮವರಿಗೆ ಅಷ್ಟೇ ಸಾಕಾಗಿದ್ದಿತು.

ಈ ಯುಕ್ತಿಯು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ರುವಾಂಡದಲ್ಲಿ ಇದನ್ನು ಅಭ್ಯಸಿಸಿದ ಜೊನಾಥನ್ ಡೋನರ್, 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಉಳ್ಳವನೇ ಹಿಂತಿರುಗಿ ಕರೆಯತಕ್ಕದ್ದೆಂಬ ಅಲಿಖಿತ ನಿಯಮವನ್ನು ಗುರುತಿಸಿದನು. ದಕ್ಷಿಣ ಆಫ್ರಿಕದಲ್ಲಿ ವೊಡಾಕಾಮ್ ಸಂಸ್ಥೆಯು 2001ರಲ್ಲಿ, ಹಣವಿಲ್ಲದವನೂ ‘ದಯಮಾಡಿ ನನಗೆ ಕರೆ ಮಾಡಿ’ ಎಂಬ ಸಂದೇಶವನ್ನು ಉಚಿತವಾಗಿ ಕಳುಹಿಸಬಹುದಾದ ಸೇವೆಯನ್ನು ಆರಂಭಿಸಿತು. ಅದರ ಕಲ್ಪನೆಯನ್ನು ಮುಂದಿಟ್ಟ ನೌಕರ ನ್ಕೊಸಾನಾ ಮಕಾಟೆ ತನಗೆ ಸಲ್ಲಬೇಕಾದ ಪ್ರತಿಫಲಕ್ಕಾಗಿ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದು, 2016ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯದಲ್ಲಿ ಜಯಗಳಿಸಿದನು.

ಬಡವರ ಉಪಾಯವು ವ್ಯಾಪಾರಕ್ಕೂ ಒದಗಿದ್ದು ಬೆಂಗಳೂರಿನಲ್ಲಿ. 2010ರಲ್ಲಿ ಇಲ್ಲಿ ಆರಂಭವಾದ ಜಿಪ್‌ಡಯಲ್ ಸಂಸ್ಥೆಯು, ಗ್ರಾಹಕನು ಒಂದು ಸಂಖ್ಯೆಗೆ ಕರೆ ಮಾಡಿದೊಡನೆ ಅದು ತಾನಾಗಿಯೇ ಕಡಿದುಹೋಗಿ, ಆ ಬಳಿಕ ಅವನಿಗೆ ಸಂದೇಶವೋ ಮರುಕರೆಯೋ ಬರುವಂತೆ ಏರ್ಪಡಿಸಿತು. ಟ್ವಿಟರ್ ಸಂಸ್ಥೆ 2015ರ ಜನವರಿಯಲ್ಲಿ ಅದನ್ನು ಕೊಂಡುಕೊಂಡಿತು. ಬ್ಯಾಂಕಿನ ಖಾತೆಯ ಶಿಲ್ಕನ್ನು ತಿಳಿಯಲು, ರಾಜಕೀಯ ಪಕ್ಷದ ಸದಸ್ಯತ್ವವನ್ನು ಪಡೆಯಲು ಮಿಸ್ಡ್ ಕಾಲ್ ಬಳಕೆಗೆ ಬಂದಿತು. ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಸಾಧಾರಣ ಫೋನುಗಳಿಗಾಗಿ ಜಾರಿಗೆ ತಂದ ಯುಪಿಐ 123ಪೇ ಪದ್ಧತಿಯಲ್ಲಿ ಹಣ ಪಾವತಿಯ ಒಂದು ಕ್ರಮವೂ ಮಿಸ್ಡ್ ಕಾಲಿನದೇ.

ಎತ್ತದ ಕರೆಯ ಮೇಲೆ ಎಷ್ಟು ಹಣ ನಿಂತಿದೆಯೆಂಬುದು ಸ್ಫುಟವಾದದ್ದು 2019ರ ವ್ಯಾಜ್ಯದಲ್ಲಿ. ಆಗ ಒಂದು ಜಾಲದಿಂದ ಹೊರಟ ಕರೆಯನ್ನು ಸ್ವೀಕರಿಸುವ ಜಾಲಕ್ಕೆ ನಿಮಿಷಕ್ಕೆ 6 ಪೈಸೆ ಸಲ್ಲುತ್ತಿದ್ದಿತು. ಜಿಯೋ ಸಂಸ್ಥೆಯು ತನ್ನ ಜಾಲದಿಂದ ಹೊರಡುವ ಕರೆಗಳ ರಿಂಗಿನ ಅವಧಿಯನ್ನು 20 ಸೆಕೆಂಡುಗಳಿಗೆ ಇಳಿಸಿದಾಗ, ಕರೆಗಳು ಎತ್ತುವ ಮೊದಲೇ ಕಡಿದು, ಎದುರಿನವರು ತಾವೇ ಮರಳಿ ಕರೆಯುವಂತಾಗಿ, ಹಣದ ಹರಿವು ತಿರುಗುತ್ತದೆಂದು ಪ್ರತಿಸ್ಪರ್ಧಿಗಳು ಆಕ್ಷೇಪಿಸಿದರು; ಏರ್‌ಟೆಲ್ ಸಂಸ್ಥೆಯೂ ತನ್ನ ಅವಧಿಯನ್ನು ಕಡಿಮೆಮಾಡಿತು. ಕೊನೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಎತ್ತಿಯೂ ಇಲ್ಲದ, ನಿರಾಕರಿಸಿಯೂ ಇಲ್ಲದ ಕರೆಯು ಮೊಬೈಲಿನಲ್ಲಿ 30 ಸೆಕೆಂಡು, ಸ್ಥಿರ ದೂರವಾಣಿಯಲ್ಲಿ 60 ಸೆಕೆಂಡು ರಿಂಗಾಗತಕ್ಕದ್ದೆಂದು ಅದೇ ವರ್ಷದ ನವೆಂಬರಿನಲ್ಲಿ ವಿಧಿಸಿತು. ಆ 6 ಪೈಸೆಯ ಶುಲ್ಕವೇ 2021ರ ಜನವರಿ 1ರಿಂದ ಇಲ್ಲವಾಯಿತು.

ವಾಯ್ಸ್‌ಮೇಲ್ ಬೇರೂರಿದ್ದ ಪಾಶ್ಚಾತ್ಯ ದೇಶಗಳಲ್ಲಿ ಪರ್ಯಾಯಗಳ ಪ್ರೇರಣೆ ಬೇರೆ. ಅಲ್ಲಿಯ ಜನರನ್ನು ಬೇಸರಪಡಿಸಿದ್ದು ಪೆಟ್ಟಿಗೆಗೆ ಕರೆಮಾಡಿ, ಗುಂಡಿಯೊತ್ತಿ, ಸಂದೇಶಗಳನ್ನು ಒಂದಾದಮೇಲೊಂದರಂತೆ ಕೇಳುವ ಕಾಲಹರಣ. 2007ರ ಐಫೋನ್ ಅವುಗಳನ್ನು ಪಟ್ಟಿಯಾಗಿ ತೋರಿಸಿ ಬೇಕಾದುದನ್ನು ಆರಿಸಿಕೊಳ್ಳುವಂತೆ ಮಾಡಿತು. ಅದೇ ವರ್ಷ ಗೂಗಲ್ ಕೊಂಡ ಗ್ರ್ಯಾಂಡ್‌ಸೆಂಟ್ರಲ್ ಸೇವೆಯು 2009ರಲ್ಲಿ ಗೂಗಲ್ ವಾಯ್ಸ್ ಎಂಬ ಹೆಸರಿನಿಂದ ಹೊರಬಂದು, ಮಾತನ್ನು ಬರೆಹಕ್ಕೆ ಇಳಿಸಿಕೊಟ್ಟಿತು. ಬ್ರಿಟನ್ನಿನ ಪತ್ರಕರ್ತರು ಅನ್ಯರ ವಾಯ್ಸ್‌ಮೇಲನ್ನು ಕದ್ದುಕೇಳಿದ ಹಗರಣದಲ್ಲಿ ನ್ಯೂಸ್ ಆಫ್ ದ ವರ್ಲ್ಡ್ ಪತ್ರಿಕೆಯು 2011ರ ಜುಲೈಯಲ್ಲಿ ಮುಚ್ಚಿದ ಮೇಲೆ, ಸಂಸ್ಥೆಯ ಪೆಟ್ಟಿಗೆ ಸುರಕ್ಷಿತವೆಂಬ ನಂಬಿಕೆಗೂ ಪೆಟ್ಟುಬಿದ್ದಿತು.

ಇತ್ತೀಚಿನ ಸಾಧನಗಳು ಕರೆಯನ್ನು ಫೋನಿನಲ್ಲಿಯೇ ವಿಚಾರಿಸಿಕೊಳ್ಳುವುವು. 2018ರ ಪಿಕ್ಸೆಲ್ 3 ಫೋನಿನಲ್ಲಿ ಬಂದ ಕಾಲ್ ಸ್ಕ್ರೀನ್, ಕರೆದವನನ್ನು ಕಾರ್ಯವೇನೆಂದು ಕೇಳಿ ಉತ್ತರವನ್ನು ತೆರೆಯ ಮೇಲೆ ಬರೆಯುವುದು. 2023ರ ಐಓಎಸ್ 17ರ ಲೈವ್ ವಾಯ್ಸ್‌ಮೇಲ್, ಸಂದೇಶವು ಹೇಳಲ್ಪಡುತ್ತಿರುವಾಗಲೇ ಅಕ್ಷರವಾಗಿ ಮೂಡಿಸಿ, ಬೇಕೆನಿಸಿದರೆ ನಡುವೆಯೇ ಕರೆಯನ್ನು ಎತ್ತಿಕೊಳ್ಳಲು ಅವಕಾಶ ಕೊಡುವುದು. ಆದರೆ ಇವೆರಡೂ ಇಂಗ್ಲಿಷ್ ಭಾಷೆಯಿಂದ ಆರಂಭವಾದವು. ಕನ್ನಡದಲ್ಲಿ ಮಾತನಾಡಿ ಕನ್ನಡದಲ್ಲಿಯೇ ಕೇಳಬೇಕೆನ್ನುವವರ ಕೈಗೆ ನಿಜವಾಗಿ ಒದಗಿದ್ದು 2013ರ ಆಗಸ್ಟಿನಲ್ಲಿ ವಾಟ್ಸಾಪ್ ತಂದ ಧ್ವನಿಸಂದೇಶ: ಅದಕ್ಕೆ ಯಂತ್ರವು ಭಾಷೆಯನ್ನು ಅರಿಯಬೇಕಾದುದಿಲ್ಲ, ಕಳುಹಿಸುವವರಿಗೆ ಕೀಲಿಮಣೆಯ ಅಭ್ಯಾಸವೂ ಬೇಕಿಲ್ಲ, ಕರೆ ತಪ್ಪಿದರೆ ಗುಂಡಿಯನ್ನು ಒತ್ತಿಹಿಡಿದು ಹೇಳಬೇಕಾದುದನ್ನು ಹೇಳಿಬಿಟ್ಟರಾಯಿತು. ದಿನವೊಂದಕ್ಕೆ ಸರಾಸರಿ 700 ಕೋಟಿ ಧ್ವನಿಸಂದೇಶಗಳು ತನ್ನಲ್ಲಿ ಹರಿದಾಡುತ್ತಿರುವುದಾಗಿ ಆ ಸಂಸ್ಥೆಯು 2022ರಲ್ಲಿ ಪ್ರಕಟಿಸಿತು.