ಸ್ವಯಂ ಉದ್ಯೋಗಿಗಳಿಗೆ ಅನಾರೋಗ್ಯ ಹಾಗೂ ಆದಾಯ ನಷ್ಟದ ವಿಮಾ ರಕ್ಷಣೆ: ಬೀದರ್, ಭಾಲ್ಕಿ, ಔರಾದ್

ಬೀದರ್ ನಗರದ ಬಿದರಿ ಕುಶಲಕರ್ಮಿ, ಭಾಲ್ಕಿಯ ದರ್ಜಿ, ಔರಾದಿನ ಸೋಯಾ ಅವರೆ ಬೆಳೆಗಾರ, ಇವರಾರಿಗೂ ಸಂಬಳಸಹಿತ ರಜೆಯಿಲ್ಲ. ಕಾಯಿಲೆ ಬಿದ್ದಾಗ ಆಸ್ಪತ್ರೆಯ ವೆಚ್ಚ ಹಾಗೂ ದುಡಿಮೆಯ ನಷ್ಟ ಒಟ್ಟಿಗೇ ಎರಗುತ್ತವೆ. ಇವೆರಡಕ್ಕೂ ಪ್ರತ್ಯೇಕ ಏರ್ಪಾಡು ಅವಶ್ಯಕ. ಫಸಲ್ ಬಿಮಾ ಕಂತು ಕಟ್ಟಿದ್ದರಿಂದ ತಮಗೂ ರಕ್ಷಣೆ ದೊರೆಯಿತೆಂದು ಕೆಲವರು ಭಾವಿಸುವುದುಂಟು. ಅದು ಬೆಳೆಗೆ ವಿಮೆಯೇ ಹೊರತು ಬೆಳೆಗಾರನಿಗಲ್ಲ.

ಚಿಕಿತ್ಸಾ ವೆಚ್ಚ

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಲಭ್ಯ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು ಮಾತ್ರ, ಗರಿಷ್ಠ ಮಿತಿ 1.5 ಲಕ್ಷ ರೂ. ತುರ್ತು ಸಂದರ್ಭ ಹೊರತುಪಡಿಸಿ ಖಾಸಗಿ ಆಸ್ಪತ್ರೆಗೆ ತೆರಳುವ ಮುನ್ನ ತಾಲ್ಲೂಕು ಆಸ್ಪತ್ರೆ ಅಥವಾ ಬೀದರ್‌ನ ಬ್ರಿಮ್ಸ್‌ನಂತಹ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯತಕ್ಕದ್ದು. ಗಡಿಭಾಗದವರು ಉದಗೀರ್, ನಾಂದೇಡ್ ಅಥವಾ ಹೈದರಾಬಾದಿಗೆ ಹೋಗುವುದಾದರೆ ತಮ್ಮ ಕಾರ್ಡ್ ಅಲ್ಲಿ ಮಾನ್ಯವೇ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಬೇಕು. ದಾಖಲಾದ ನಂತರ ಕೇಳುವುದರಿಂದ ಪ್ರಯೋಜನ ಕಡಿಮೆ.

ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಇದೆ. 2018ರಲ್ಲಿ ಸ್ಥಗಿತಗೊಂಡಿದ್ದ ಇದು 2023ರ ಜನವರಿ 1ರಿಂದ ಮತ್ತೆ ಜಾರಿಯಾಯಿತು. ಆಗ ಗ್ರಾಮೀಣ ಸದಸ್ಯರ ನಾಲ್ವರ ಕುಟುಂಬಕ್ಕೆ ನಿಗದಿಯಾದ ವಂತಿಗೆ 500 ರೂ. ನೋಂದಣಿ ಪ್ರತಿ ವರ್ಷ ನವೀಕರಣಗೊಳ್ಳಬೇಕು. ಅವಧಿ ತಪ್ಪಿದರೆ ಆ ವರ್ಷ ರಕ್ಷಣೆಯಿಲ್ಲ.

ಆದಾಯ ನಷ್ಟ

ಮೇಲಿನ ಯೋಜನೆಗಳು ಆಸ್ಪತ್ರೆಯ ಬಿಲ್ಲನ್ನಷ್ಟೇ ಭರಿಸುತ್ತವೆ. ಅನಾರೋಗ್ಯದ ದಿನಗಳಿಗೆ ವೇತನದ ಶೇ 70ರಷ್ಟು ನೀಡುವ ಇಎಸ್ಐ ಸೌಲಭ್ಯ ನೋಂದಾಯಿತ ಸಂಸ್ಥೆಗಳ ನೌಕರರಿಗೆ ಸೀಮಿತ. ಸ್ವಯಂ ಉದ್ಯೋಗಿಗೆ ಹತ್ತಿರದ ದಾರಿಯೆಂದರೆ ವಿಮಾ ಕಂಪನಿಗಳ ದಿನಭತ್ಯೆ ಪಾಲಿಸಿ. ಆಸ್ಪತ್ರೆಯಲ್ಲಿರುವ ಪ್ರತಿ ದಿನಕ್ಕೆ ಗೊತ್ತುಪಡಿಸಿದ ಮೊತ್ತವನ್ನು ಇದು ನೀಡುತ್ತದೆ. ಮನೆಯಲ್ಲಿ ಪಡೆಯುವ ವಿಶ್ರಾಂತಿಗೆ ಸಾಮಾನ್ಯವಾಗಿ ನೀಡದು. ಮೊತ್ತ ಆಯ್ಕೆ ಮಾಡುವಾಗ ರಾಶಿಯ ಕಾಲದಲ್ಲಿ ತಮ್ಮ ಬದಲಿಗೆ ಆಳಿಗೆ ಕೊಡಬೇಕಾದ ಕೂಲಿಯನ್ನು ಲೆಕ್ಕ ಹಿಡಿಯುವುದು ಸೂಕ್ತ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಅರ್ಜಿಯಲ್ಲಿ ಮರೆಮಾಚಬಾರದು. ಪರಿಹಾರ ತಿರಸ್ಕೃತವಾಗಲು ಅದೇ ಕಾರಣವಾಗಬಹುದು.

ಅಪಘಾತಕ್ಕೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಿದೆ: 18ರಿಂದ 70 ವರ್ಷದವರಿಗೆ ವಾರ್ಷಿಕ 20 ರೂ.; ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂ., ಭಾಗಶಃ ಶಾಶ್ವತ ವೈಕಲ್ಯಕ್ಕೆ 1 ಲಕ್ಷ ರೂ. ಕಂತು ಖಾತೆಯಿಂದಲೇ ಕಡಿತವಾಗುವುದರಿಂದ ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿರುವಂತೆ ನೋಡಿಕೊಳ್ಳಬೇಕು.