ನಿತ್ಯಹಸಿರೋ, ನಿತ್ಯಹೊಸತೋ?

ಹಳೆಯ ಚಿತ್ರಗೀತೆಯೊಂದನ್ನು ‘ಎವರ್‌ಗ್ರೀನ್’ ಎಂದು ಹೊಗಳುವುದು ಕನ್ನಡಿಗರಿಗೂ ರೂಢಿಯಾಗಿದೆ. ಎಷ್ಟು ಕಾಲವಾದರೂ ಜನಪ್ರಿಯತೆ ಕುಂದದ ವಸ್ತುವಿಗೆ ಇಂಗ್ಲಿಷರು ಕೊಟ್ಟ ಹೆಸರು ಅದು. ಎಲೆ ಪೂರ್ತಿ ಉದುರಿ ಬೋಳಾಗದ ಮರವೇ ಇಲ್ಲಿ ಉಪಮಾನ. ‘ಪೆರೆನಿಯಲ್’ ಎಂಬ ಇನ್ನೊಂದು ಪದಕ್ಕೆ ಲ್ಯಾಟಿನ್ನಿನಲ್ಲಿ ವರ್ಷವಿಡೀ ಇರುವುದೆಂಬ ಅರ್ಥ. ‘ಕ್ಲಾಸಿಕ್’ ಪದದ ಮೂಲ ಮಾತ್ರ ತೋಟದಲ್ಲಿಲ್ಲ, ತೆರಿಗೆಯ ಲೆಕ್ಕದಲ್ಲಿದೆ. ಪ್ರಾಚೀನ ರೋಮಿನಲ್ಲಿ ಆಸ್ತಿಯ ಆಧಾರದ ಮೇಲೆ ಮೊದಲ ವರ್ಗಕ್ಕೆ ಸೇರಿದ ಪ್ರಜೆ ‘ಕ್ಲಾಸಿಕಸ್’. ಕ್ರಿ.ಶ. 2ನೆಯ ಶತಮಾನದ ಆಲಸ್ ಗೆಲ್ಲಿಯಸ್ ಆ ಮಾತನ್ನು ಉತ್ತಮ ಲೇಖಕರಿಗೂ ಅನ್ವಯಿಸಿದ. ಕನ್ನಡದಲ್ಲಿ ಇದಕ್ಕೆ ಬಳಸುವ ‘ಅಭಿಜಾತ’ ಪದದ ಅರ್ಥವೂ ಉತ್ತಮ ಕುಲದಲ್ಲಿ ಹುಟ್ಟಿದ್ದು ಎಂದೇ. ಅತಿಯಾಗಿ ಬಳಸಿ ಹಳಸಿದ ನಗೆಮಾತಿಗೆ ಇಂಗ್ಲಿಷರು ‘ಚೆಸ್ಟ್‌ನಟ್’ ಎಂದು ಕಾಯಿಯೊಂದರ ಹೆಸರಿಟ್ಟಿದ್ದಾರೆ.

ಹಳತಾಗಿಯೂ ಉಳಿಯುವುದು ಒಂದು, ಹಳತಾಗಿ ಹಳಸುವುದು ಇನ್ನೊಂದು. ಇವೆರಡರ ನಡುವಿನ ಅಂತರವೇನು? ಇದಕ್ಕೆ ಕನ್ನಡದ ಆದಿಕವಿಯಲ್ಲೇ ಒಂದು ಸುಳಿವಿದೆ. ಕ್ರಿ.ಶ. 941ರ ‘ಆದಿಪುರಾಣ’ದಲ್ಲಿ ಪಂಪ ತನ್ನ ಕಾವ್ಯವನ್ನು ಕಡಲಿಗೆ ಹೋಲಿಸಿ, ಅದು ದಿನದಿನವೂ ಹೊಸದೆನ್ನುತ್ತಾನೆ. ಬದಲಾಗದೆ ಉಳಿಯುವುದಲ್ಲ, ಹೊಸದಾಗುತ್ತ ಉಳಿಯುವುದು ಅವನ ಲಕ್ಷಣ.

ಈ ಮಾತಿಗೆ ಬೊಂಬೆಯೂ ಸಾಕ್ಷಿ ನುಡಿಯಬಲ್ಲುದು. ಹೊಂಗನೂರು ಸೇರಿರುವ ಚನ್ನಪಟ್ಟಣ ತಾಲೂಕಿಗೆ ಹೆಸರು ತಂದದ್ದು ಅರಗಿನ ಬಣ್ಣದ ಮರದ ಬೊಂಬೆ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಯನ್ನು ಕಲಿಸಿದನೆಂಬುದು ಪ್ರತೀತಿ. ಮುಂದೆ ಬಾವಾಸ್ ಮಿಯಾ ಎಂಬುವರು ಜಪಾನಿನ ತಂತ್ರವನ್ನು ಅಳವಡಿಸಿದರೆಂದು ಹೇಳುತ್ತಾರೆ. ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜುವ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಕೈಯಿಂದ ತಿರುಗಿಸುವ ಯಂತ್ರದ ಜೊತೆಗೆ ವಿದ್ಯುತ್ತಿನ ಯಂತ್ರ ಬಂತು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಪೇಟೆ ತುಂಬಿದಾಗ ಈ ಕಸುಬು ಸೊರಗಿತು, ಅನೇಕರು ಬೇರೆ ಕೆಲಸ ಹಿಡಿದರು. ಚೇತರಿಕೆಗೆ ನೆರವಾದದ್ದು ಹಳೆಯ ಕೀರ್ತಿಯೊಂದೇ ಅಲ್ಲ. ಮಕ್ಕಳ ಬಾಯಿಗೂ ಅಪಾಯವಿಲ್ಲದ ಸಸ್ಯಮೂಲದ ಬಣ್ಣಗಳು ಬಂದವು, ಕಲಿಕೆಯ ಆಟಿಕೆಗಳು ಹುಟ್ಟಿದವು. 2005–06ರಲ್ಲಿ ದೊರೆತ ಭೌಗೋಳಿಕ ಗುರುತು ಹೆಸರಿಗೆ ರಕ್ಷಣೆ ಕೊಟ್ಟಿತು.

‘ಎವರ್‌ಗ್ರೀನ್’ ಎಂದು ಹೊಗಳಿ, ಹಿಂದೆ ಇದ್ದಂತೆಯೇ ಇರಲಿ ಎಂದು ಬಯಸುವುದು ಕಸುಬಿಗೆ ಮಾಡುವ ಉಪಕಾರವಲ್ಲ. ಆ ಬೊಂಬೆಗಳಿಗೆ ಪರಂಪರೆಯಿಂದ ಬಳಸುವ ಆಲೆ ಮರವೂ ನಿತ್ಯಹಸಿರಿನದಲ್ಲ. ಅದು ಪ್ರತಿವರ್ಷ ಎಲೆ ಉದುರಿಸಿ ಮತ್ತೆ ಚಿಗುರುವ ಮರ.