ನಿಲ್ದಾಣದಿಂದ ನಿಲ್ದಾಣಕ್ಕೆ ಕಾಲ್ನಡಿಗೆ (ಇಂಗ್ಲೆಂಡ್)

ನಿಲ್ದಾಣದಿಂದ ನಿಲ್ದಾಣಕ್ಕೆ ಕಾಲ್ನಡಿಗೆ ಎಂದರೆ ಒಂದು ರೈಲು ನಿಲ್ದಾಣದಲ್ಲಿ ಇಳಿದು, ಹೊಲ, ಕಾಡು, ಬೆಟ್ಟಗಳ ಕಾಲುದಾರಿಯಲ್ಲಿ ನಡೆದು, ಅದೇ ದಿನ ಇನ್ನೊಂದು ನಿಲ್ದಾಣದಿಂದ ಊರಿಗೆ ಮರಳುವ ವಿಹಾರ. ಇಂಗ್ಲೆಂಡಿನಲ್ಲಿ ಇದು ಹತ್ತೊಂಬತ್ತನೆಯ ಶತಮಾನದಿಂದ ರೂಢಿಯಲ್ಲಿದೆ. ಕಾರಿನಲ್ಲಿ ಹೋದವರು ಕಾರು ನಿಲ್ಲಿಸಿದ ಜಾಗಕ್ಕೇ ಹಿಂದಿರುಗಬೇಕಾಗುತ್ತದೆ. ರೈಲಿನಲ್ಲಿ ಹೋದವರಿಗೆ ಆ ಕಟ್ಟುಪಾಡಿಲ್ಲ. ಆದರೆ ಖಾಸಗಿ ಜಮೀನಿನ ನಡುವೆ ನಡೆಯುವ ಹಕ್ಕು ಮತ್ತು ಹಳ್ಳಿಗಾಡಿನ ಸಣ್ಣ ನಿಲ್ದಾಣ, ಇವೆರಡೂ ಉಳಿದರೆ ಮಾತ್ರ ಇಂತಹ ನಡಿಗೆ ಸಾಧ್ಯ.

ಹಿನ್ನೆಲೆ

ಲೇಖಕಿ ವರ್ಜೀನಿಯಾ ವುಲ್ಫ್ ಅವರ ತಂದೆ ಲೆಸ್ಲಿ ಸ್ಟೀಫನ್ 1879ರಲ್ಲಿ 'ಸಂಡೇ ಟ್ರ್ಯಾಂಪ್ಸ್' ಎಂಬ ಕೂಟವನ್ನು ಕಟ್ಟಿದರು. ಇದರ ಸದಸ್ಯರು ಭಾನುವಾರಗಳಂದು ಲಂಡನ್ನಿನಿಂದ ರೈಲಿನಲ್ಲಿ ಹೊರಟು ಹಳ್ಳಿಗಾಡಿನಲ್ಲಿ ದೀರ್ಘ ನಡಿಗೆ ಕೈಗೊಳ್ಳುತ್ತಿದ್ದರು. 1949ರ ಕಾಯಿದೆಯು ಸಾರ್ವಜನಿಕ ಕಾಲುದಾರಿಗಳನ್ನು ಗುರುತಿಸಿ ನಕ್ಷೆ ಸಿದ್ಧಪಡಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು. ಜಮೀನು ಯಾರ ಕೈಸೇರಿದರೂ ಅದರಲ್ಲಿ ಹಾದುಹೋಗುವ ದಾರಿಯ ಹಕ್ಕು ಅಳಿಯುವುದಿಲ್ಲ. ನಿಲ್ದಾಣಗಳಿಗೆ ಅಂತಹ ರಕ್ಷಣೆ ಇರಲಿಲ್ಲ. 1963ರ ಬೀಚಿಂಗ್ ವರದಿ 2,363 ನಿಲ್ದಾಣಗಳನ್ನು ಮುಚ್ಚುವಂತೆ ಶಿಫಾರಸು ಮಾಡಿತು.

ಸೆಟಲ್–ಕಾರ್ಲೈಲ್ ಮಾರ್ಗ

ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲನ್ನು ಹಾಯುವ ಈ ಮಾರ್ಗದ ಸಣ್ಣ ನಿಲ್ದಾಣಗಳಲ್ಲಿ ಬಹುತೇಕವು 1970ರಲ್ಲಿ ಮುಚ್ಚಿದವು. ಹಳಿಯ ಮೇಲೆ ರೈಲುಗಳು ಓಡುತ್ತಿದ್ದವು, ಆದರೆ ಅಲ್ಲಿ ನಿಲ್ಲುತ್ತಿರಲಿಲ್ಲ. 1975ರಲ್ಲಿ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದ ಆಡಳಿತವು 'ಡೇಲ್ಸ್‌ರೈಲ್' ಹೆಸರಿನಲ್ಲಿ ವಾರಾಂತ್ಯದ ವಿಶೇಷ ರೈಲುಗಳನ್ನು ಬಾಡಿಗೆಗೆ ಪಡೆದು, ನಡಿಗೆದಾರರಿಗಾಗಿ ಮುಚ್ಚಿದ ನಿಲ್ದಾಣಗಳನ್ನು ಮತ್ತೆ ಬಳಕೆಗೆ ತಂದಿತು.

1980ರ ದಶಕದಲ್ಲಿ ಇಡೀ ಮಾರ್ಗವನ್ನೇ ಮುಚ್ಚುವ ಪ್ರಸ್ತಾವ ಬಂತು. 24 ಕಮಾನುಗಳ ರಿಬಲ್‌ಹೆಡ್ ಸೇತುವೆಯ ದುರಸ್ತಿ ವೆಚ್ಚವನ್ನು ಅದಕ್ಕೆ ಮುಖ್ಯ ಕಾರಣವಾಗಿ ನೀಡಲಾಯಿತು. ಇದರ ವಿರುದ್ಧ 22 ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಸಲ್ಲಿಕೆಯಾದವು. ಅವುಗಳಲ್ಲಿ ಒಂದಕ್ಕೆ ರುಜುವಾಗಿ ಇದ್ದದ್ದು ರಸ್ವಾರ್ಪ್ ಎಂಬ ನಾಯಿಯ ಪಂಜದ ಗುರುತು; ಆ ನಾಯಿಯ ಪ್ರತಿಮೆ ಇಂದು ಗಾರ್ಸ್‌ಡೇಲ್ ನಿಲ್ದಾಣದಲ್ಲಿದೆ. ಪ್ರಸ್ತಾವ ಬಾಕಿಯಿರುವಾಗಲೇ, 1986ರಲ್ಲಿ, ಎಂಟು ನಿಲ್ದಾಣಗಳು ದಿನನಿತ್ಯದ ಸೇವೆಗೆ ಮರಳಿ ತೆರೆದವು. 1989ರ ಏಪ್ರಿಲ್‌ನಲ್ಲಿ ಸರ್ಕಾರ ಮುಚ್ಚುವ ನಿರ್ಧಾರವನ್ನು ಕೈಬಿಟ್ಟಿತು.

ರಿಬಲ್‌ಹೆಡ್‌ನಿಂದ ಡೆಂಟ್‌ವರೆಗಿನದು ಈ ಮಾರ್ಗದ ಉತ್ತಮ ನಡಿಗೆಗಳಲ್ಲೊಂದು. ರೈಲು ಬ್ಲೀ ಮೂರ್ ಸುರಂಗದೊಳಗೆ ಸಾಗಿದರೆ ನಡಿಗೆದಾರರು ಅದೇ ಬೆಟ್ಟವನ್ನು ಮೇಲಿನಿಂದ ದಾಟುತ್ತಾರೆ. ಡೆಂಟ್ ಸುಮಾರು 350 ಮೀಟರ್ ಎತ್ತರದಲ್ಲಿದ್ದು, ಇಂಗ್ಲೆಂಡಿನ ಮುಖ್ಯ ರೈಲುಜಾಲದ ಅತಿ ಎತ್ತರದ ನಿಲ್ದಾಣವಾಗಿದೆ. ಹೆಸರು ಕೊಟ್ಟ ಹಳ್ಳಿಯಿರುವುದು ಸುಮಾರು 6 ಕಿ.ಮೀ. ದೂರದಲ್ಲಿ, ಕೆಳಗಿನ ಕಣಿವೆಯಲ್ಲಿ. ಊಟಕ್ಕೆಂದು ಹಳ್ಳಿಗೆ ಇಳಿದವರು ರೈಲು ಹಿಡಿಯಲು ಮತ್ತೆ ಕಡಿದಾದ ಏರನ್ನು ಹತ್ತಬೇಕು.

ಯೋಜನೆ

ಇಂತಹ ನಡಿಗೆಯನ್ನು ಮರಳುವ ರೈಲಿನ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಯೋಜಿಸುವುದು ವಾಡಿಕೆ. ಸಣ್ಣ ನಿಲ್ದಾಣಗಳಲ್ಲಿ ಎರಡು ರೈಲುಗಳ ನಡುವೆ ಹಲವು ಗಂಟೆಗಳ ಅಂತರವಿರಬಹುದು. ಚಳಿಗಾಲದಲ್ಲಿ ಸಂಜೆ ನಾಲ್ಕರ ಸುಮಾರಿಗೇ ಕತ್ತಲಾಗುತ್ತದೆ.